ತೊಂಬತ್ತೊಂಬತ್ತನೇ ಪಂಕ್ತಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ದೊಡ್ಡಮ್ಮ ಅಂದು ಹಸಿರು ಸೀರೆ ಉಟ್ಟಿದ್ದಳೆಂದು ಬರೆಯಹೊರಟೆ. ಅದು ಬೇರೆ ಯಾವುದೋ ದಿನದ ಸೀರೆಯೂ ಆಗಿರಬಹುದು. ನನ್ನ ನೆನಪನ್ನು ನಾನು ನಂಬುವುದಿಲ್ಲ. ಅವಳ ಧ್ವನಿಯನ್ನು ರೆಕಾರ್ಡ್ ಮಾಡಲು ಹೋದದ್ದೇ ಅದಕ್ಕೆ.

ದೊಡ್ಡಮ್ಮ ಬೈಂದೂರಿನ ಸುತ್ತ ಮೀನು ಬುಟ್ಟಿ ಹೊತ್ತು ಮನೆ ಮನೆಗೆ ಮಾರಿದವಳು. ಅವಳು ಬಿಜೂರಿನ ತಿರುವಿನಲ್ಲಿ ಕೂಗಿದರೆ ನಮ್ಮ ಮನೆಯ ಬೆಕ್ಕು ಎದ್ದು ಕೂರುತ್ತಿತ್ತು. ಗಂಟಲಲ್ಲಿ ಗಡ್ಡೆ ಎದ್ದು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದರು. ಆಸ್ಪತ್ರೆಗೆ ಸೇರುವ ದಿನ ಬೆಳಿಗ್ಗೆ ನಾನು ಬ್ರಹ್ಮಾವರಕ್ಕೆ, ಅವಳ ಮಗಳ ಮನೆಗೆ ಹೋದೆ. ಆ ಮಗಳನ್ನು ನಾನು ಅಕ್ಕ ಎನ್ನುತ್ತೇನೆ.

ಫೋನಿನಲ್ಲೇ ರೆಕಾರ್ಡ್ ಮಾಡಬಹುದಿತ್ತು. ಆದರೆ ಮನೆ ಹೆದ್ದಾರಿಯ ಪಕ್ಕ. ಲಾರಿಗಳ ಸದ್ದನ್ನು ಸೋಸಿ ತೆಗೆಯಬೇಕೆಂಬ ಹಟ ನನ್ನದು. ಕುಂದಾಪುರದ ಕಾಲೇಜೊಂದರಲ್ಲಿ ಯುನಿಕ್ಸ್ ವ್ಯವಸ್ಥೆಯ ಕಂಪ್ಯೂಟರುಗಳನ್ನು ನೋಡಿಕೊಂಡು, ಪಾಠವನ್ನೂ ಮಾಡಿದವಳೆಂಬ ಜಂಬವೂ ಇತ್ತು. ನನ್ನ ಹಳೆಯ ಲ್ಯಾಪ್‌ಟಾಪಿಗೆ ಒಂದೇ ಪ್ರೊಸೆಸರ್. ಎಲ್ಲ ಪ್ರೋಗ್ರಾಮುಗಳೂ ಸರದಿಯಲ್ಲಿ ಅದನ್ನು ಬಳಸಬೇಕು. ರೆಕಾರ್ಡ್ ಮಾಡುವ ಪ್ರೋಗ್ರಾಮಿಗೆ ಸರದಿ ತಡವಾದರೆ ಧ್ವನಿ ತುಂಡಾಗುತ್ತದೆ. ಹಾಗಾಗಿ ಅದಕ್ಕೂ, ಸದ್ದು ಸೋಸುವ ಪ್ರೋಗ್ರಾಮಿಗೂ ರಿಯಲ್-ಟೈಮ್ ಆದ್ಯತೆ, ಅಂದರೆ ಉಳಿದೆಲ್ಲಕ್ಕಿಂತ ಮೊದಲು ಸರದಿ, ಕೊಟ್ಟೆ. ಅಂಥ ಪ್ರೋಗ್ರಾಮು ಯಂತ್ರವನ್ನು ಪೂರ್ತಿ ಹಿಡಿದುಕೊಳ್ಳದಂತೆ ತಡೆಯುವ ಮಿತಿಯೊಂದಿರುತ್ತದೆ, ಅದನ್ನೂ ತೆಗೆದುಹಾಕಿದೆ.

ಮದುವೆಮನೆಯಲ್ಲಿ ಒಂದನೇ ಪಂಕ್ತಿ ಮರ್ಯಾದೆಯವರದ್ದು. ಯುನಿಕ್ಸಿನ ಸಾಮಾನ್ಯ ಸರದಿಯಲ್ಲೂ ಸಣ್ಣ ಸಂಖ್ಯೆಯವರೇ ಮುಂದೆ. ರಿಯಲ್-ಟೈಮಿನಲ್ಲಿ ಮಾತ್ರ ಲೆಕ್ಕ ತಿರುಗುಮುರುಗು: ಒಂದು ಕಟ್ಟಕಡೆ, ತೊಂಬತ್ತೊಂಬತ್ತು ಎಲ್ಲರಿಗಿಂತ ಮೇಲೆ. ಇದನ್ನು ನಾನು ತರಗತಿಯಲ್ಲಿ ಪಾಠ ಮಾಡಿದ್ದೆ. ಅಂದು ನನ್ನ ಬೆರಳು ದೊಡ್ಡಮ್ಮನ ಧ್ವನಿಗೆ ಒಂದು ಕೊಟ್ಟಿತು. ಲಾರಿ ಸದ್ದು ಸೋಸುವುದಕ್ಕೆ ತೊಂಬತ್ತೊಂಬತ್ತು.

"ಎಂತ ಕುಟ್ತಿದ್ದೆ ಹೆಣೇ, ಅಷ್ಟ್ ಹೊತ್ತಿಂದ?" ಎಂದಳು ದೊಡ್ಡಮ್ಮ. ಹೆಣ್ಣೇ ಎನ್ನುವುದು ಅವಳ ಬಾಯಲ್ಲಿ ಹೆಣೇ. ಧ್ವನಿ ಆಗಲೇ ಒಡೆದಿತ್ತು.

"ನಿನ್ನನ್ನ ಒಂದನೇ ಪಂಕ್ತಿಗೆ ಕೂರಿಸ್ತಾ ಇದ್ದೆ."

"ನಂಗಾ? ಹುಟ್ಟಿದ್ ಮೇಲೆ ಕಡೀ ಪಂಕ್ತಿಯೇ. ಸಾರ್ ಮುಗ್ದ್ ಮಜ್ಜಿಗೆ ಉಳಿದ್ರೆ ಪುಣ್ಯ."

ಅಕ್ಕ ನಕ್ಕಳು. "ಅಮ್ಮ ಕೂಗಿದ್ರೆ ಸಾಸ್ತಾನದ ಟೋಲ್ ಗೇಟೇ ತೆರೀತ್ತ್, ಕಾಣ್."

ದೊಡ್ಡಮ್ಮ ಕಣ್ಣು ಮುಚ್ಚಿ ಕೂಗಿದಳು. "ಹ್ವಾಯ್... ಬಂಗ್ಡೆ ಇತ್ತ್, ಬೈಗೆ ಇತ್ತ್..." ಆಮೇಲೆ ಯಾವ ಮನೆಯಾಕೆ ಚೌಕಾಸಿ ಮಾಡುತ್ತಿದ್ದಳು, ಯಾರು ಕುಡಿಯಲು ನೀರು ಕೊಡುತ್ತಿದ್ದರು ಎಂದೆಲ್ಲ ಹೇಳಿದಳು. ಮುಕ್ಕಾಲು ಗಂಟೆ ಇರಬಹುದು. ಅಷ್ಟರಲ್ಲಿ ಕಾರು ಬಂತು. "ಬತ್ತೆ ಹೆಣೇ," ಎಂದು ಅಕ್ಕನ ಕೈ ಹಿಡಿದು ಹೊರಟಳು.

ನಾನು ರೆಕಾರ್ಡಿಂಗ್ ನಿಲ್ಲಿಸಲು ಕೀಲಿ ಒತ್ತಿದೆ. ಪರದೆ ಕದಲಲಿಲ್ಲ. ಮೂಲೆಯ ಗಡಿಯಾರ ಹತ್ತೂಹತ್ತರಲ್ಲೇ ನಿಂತಿತ್ತು, ಗೋಡೆಯದರಲ್ಲಿ ಹನ್ನೊಂದಾಗಿತ್ತು. ಸದ್ದು ಸೋಸುವ ಪ್ರೋಗ್ರಾಮು ಒಂದೇ ಲೆಕ್ಕವನ್ನು ಕೊನೆಯಿಲ್ಲದೆ ಸುತ್ತುತ್ತ, ತನ್ನ ತೊಂಬತ್ತೊಂಬತ್ತರ ಗತ್ತಿನಲ್ಲಿ ಪ್ರೊಸೆಸರನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಮಧ್ಯಾಹ್ನದವರೆಗೆ ಕಾದೆ. ಕೊನೆಗೆ ಪವರ್ ಬಟನ್ ಅದುಮಿ ಹಿಡಿದೆ. ಮತ್ತೆ ಶುರು ಮಾಡಿದಾಗ ಫೈಲು ಇತ್ತು, ಒಳಗೆ ಏನೂ ಇರಲಿಲ್ಲ.

ಆಪರೇಷನ್ ಮರುದಿನ. ಆಸ್ಪತ್ರೆಗೆ ಹೋಗಿ ಇನ್ನೊಮ್ಮೆ ಕೂಗು ಎನ್ನಬಹುದಿತ್ತು. ವಾರ್ಡಿನಲ್ಲಿ ಮೀನು ಕೂಗುವುದು ಹೇಗೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ನಾಚಿಕೆ.

ದೊಡ್ಡಮ್ಮ ಬದುಕಿದ್ದಾಳೆ. ಕರೆಯಲು ಚಪ್ಪಾಳೆ ತಟ್ಟುತ್ತಾಳೆ. ನಾನು ಹೋದಾಗಲೆಲ್ಲ ಕಿವಿಗೆ ಕೈಯಿಟ್ಟು, ಕೇಳಿಸು ಎಂದು ಸನ್ನೆ ಮಾಡುತ್ತಾಳೆ. ಲ್ಯಾಪ್‌ಟಾಪ್ ರಿಪೇರಿಗೆ ಹೋಗಿದೆ ಎನ್ನುತ್ತೇನೆ. ಅವಳು ತಲೆಯಾಡಿಸುತ್ತಾಳೆ. ಆ ಕೂಗನ್ನು ನೆನಪಿಸಿಕೊಳ್ಳಲು ಹೋದರೆ ನನಗೆ ಕೇಳುವುದು ಪದಗಳು ಮಾತ್ರ, ಧ್ವನಿ ನನ್ನದೇ.

ಈಚೆಗೆ ಇನ್ನೊಂದು ನೆನಪು ಕಾಡುತ್ತಿದೆ. ದೊಡ್ಡಮ್ಮ ಇನ್ನೂ ಮಾತಾಡುತ್ತಿದ್ದಾಗಲೇ ಅಕ್ಕ ನನ್ನ ಮೊಣಕೈ ತಟ್ಟಿ ಪರದೆಯನ್ನು ತೋರಿಸಿದಂತೆ, ನಾನು ತುಟಿಯ ಮೇಲೆ ಬೆರಳಿಟ್ಟಂತೆ. ನಡೆದದ್ದೋ, ಆಮೇಲೆ ಕಟ್ಟಿಕೊಂಡದ್ದೋ ಗೊತ್ತಿಲ್ಲ. ಹೋದ ವಾರ ಅಕ್ಕನಿಗೆ ವಾಟ್ಸ್‌ಆ್ಯಪ್ ಮಾಡಿದೆ. ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಬಂದಿಲ್ಲ.

"ಅಕ್ಕಾ, ಆವತ್ತ್ ಗಡಿಯಾರ ನಿಂತಿತ್ತ್ ಅಂದ್ ನೀನ್ ನಂಗೆ ಮೊದ್ಲೇ ತೋರ್ಸಿದ್ಯಾ?"