ಕೊಳದಕ್ಕ ಮತ್ತು ಕೆಂಪುರೆಕ್ಕೆಯ ಮರಿಗಳು

ಮೀನು ಹಿಡಿಯುವ ವಿದ್ಯೆ ಮನುಷ್ಯನಷ್ಟೇ ಹಳೆಯದು. ಮೀನು ಬೆಳೆಯುವ ವಿದ್ಯೆಯಲ್ಲಿ ನಾವಿನ್ನೂ ಅಂಬೆಗಾಲಿಡುತ್ತಿದ್ದೇವೆ. ಈ ಎರಡನೆಯ ವಿದ್ಯೆಯನ್ನು ಒಂದೇ ಹಿನ್ನೀರಿನ ದಂಡೆಯಲ್ಲಿ, ಇಪ್ಪತ್ತೆರಡು ಕೊಳಗಳ ನಡುವೆ ಮೂವತ್ತೊಂದು ವರ್ಷ ಕಲಿತು, ಕಲಿಸಿದ ನಮ್ಮ ಮೀನು ಸಾಕಣೆ ಕೇಂದ್ರದ ಮುಖ್ಯಸ್ಥೆ ಈ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಹಿನ್ನೀರಿನಲ್ಲಿ ತಾನಾಗಿ ಹುಟ್ಟಿ ಬೆಳೆಯುವ ಮೀನಿಗೆ ಕೊಳದಲ್ಲಿ ಸಾಕಿದ ಮೀನು ಬದಲಿಯಾಗಬಲ್ಲದೇ ಎಂಬ ಪ್ರಶ್ನೆಗೆ ಪುಸ್ತಕಗಳಲ್ಲಿ ಉತ್ತರ ಹುಡುಕಿದವರು ಅನೇಕರಿದ್ದಾರೆ. ಅದೇ ಲೆಕ್ಕವನ್ನು ತಾವೇ ತಪ್ಪಾಗಿ ಬಿಡಿಸಿ, ತಪ್ಪೆಂದು ತಾವೇ ಎದ್ದು ನಿಂತು ಹೇಳಿ, ಮತ್ತೆ ಮೊದಲಿನಿಂದ ಬಿಡಿಸಲು ಕುಳಿತವರು ನಾನು ಕಂಡಂತೆ ಇವರೊಬ್ಬರೇ. ಕಚೇರಿಯವರಿಗೆ ಅವರು ಮೇಡಂ. ದೋಣಿಯವರಿಗೂ ಮಾರುಕಟ್ಟೆಯ ಹೆಂಗಸರಿಗೂ ಕೊಳದಕ್ಕ. ಅವರ ಕೈಕೆಳಗೆ ತರಬೇತಿ ಪಡೆದು ಈಗ ಮೀನುಗಾರರ ಸಂಘದ ಮೀನುಮರಿ ಕೇಂದ್ರವನ್ನು ನೋಡಿಕೊಳ್ಳುತ್ತಿರುವ ನನ್ನ ಬಾಯಿಗೆ ಎರಡು ಹೆಸರೂ ಬರುತ್ತವೆ.

ನಾನು ತರಬೇತಿಗೆ ಸೇರಿದ್ದು ಅವರು ಕೇಂದ್ರಕ್ಕೆ ಬಂದ ಎರಡನೆಯ ವರ್ಷ. ಆಗ ಕೇಂದ್ರವೆಂದರೆ ತಗಡಿನ ಮಾಡಿನ ಎರಡು ಕೋಣೆ, ಒಂದು ತೂಕದ ತಕ್ಕಡಿ, ತೌಡಿನ ಮೂಟೆಗಳ ಹುಳಿ ವಾಸನೆ ಮತ್ತು ಅರ್ಧ ಅಗೆದು ಬಿಟ್ಟ ಎಂಟು ಕೊಳಗಳು. ನನ್ನ ಅಪ್ಪ ಹಿನ್ನೀರಿನಲ್ಲಿ ಬಲೆ ಬಿಡುವವನು. “ತಾನಾಗೇ ಬೆಳೆಯೋದನ್ನ ಬೆಳೆಸೋಕೆ ತರಬೇತಿ ಬೇರೆ ಕೇಡು” ಎಂದು ಗೊಣಗಿಯೇ ಕಳಿಸಿದ್ದ. ಮೊದಲ ವಾರವೇ ನಾನು ಕೊಳದ ಏರಿಯಿಂದ ಜಾರಿ, ಕೈಯಲ್ಲಿದ್ದ ಮೇವಿನ ದಾಖಲೆ ಪುಸ್ತಕದ ಸಮೇತ ಕೆಸರಿನೊಳಗೆ ಸೊಂಟದವರೆಗೆ ಹೂತುಹೋದೆ. ಓದಿ ಬಂದ ಉಳಿದ ನಾಲ್ವರು ದಂಡೆಯಲ್ಲಿ ನಿಂತು ನಗುತ್ತಿದ್ದಾಗ ಮೇಡಂ ಬೂಟು ಕಳಚಿ ಇಳಿದು ನನ್ನನ್ನು ಎಳೆದರು.

“ಮೀನುಗಾರನ ಮಗಳಿಗೆ ಈಜು ಬರಲ್ವೇನೇ?”

“ನೀರಲ್ಲಿ ಬರುತ್ತೆ ಮೇಡಂ, ಕೆಸರಲ್ಲಿ ಬರಲ್ಲ.”

“ಸರಿ, ನನಗೂ ಬರಲ್ಲ. ಇಬ್ಬರೂ ಇಲ್ಲೇ ಕಲಿಯೋಣ” ಎಂದವರು, ಆ ದಿನ ಸಂಜೆಯವರೆಗೂ ಕೆಸರು ಮೆತ್ತಿದ ಬಟ್ಟೆಯಲ್ಲೇ ನನ್ನ ಪಕ್ಕ ಕೂತು, ನೆನೆದ ಪುಸ್ತಕದ ಪುಟಗಳನ್ನು ಒಂದೊಂದಾಗಿ ಬಿಡಿಸಿ ಒಣಗಿಸಿದರು. ಆಮೇಲೆ ಆ ನಾಲ್ವರು ನನ್ನನ್ನು ನೋಡಿ ನಗಲಿಲ್ಲ.

ಆ ಕಾಲಕ್ಕೆ ಇಲಾಖೆಯ ಒಲವೆಲ್ಲ ಕೊರವ ಮೀನಿನ ಮೇಲಿತ್ತು. ಕೊರವ ಬೇಗ ಬೆಳೆಯುತ್ತದೆ, ಮಾರುಕಟ್ಟೆಗೆ ಜೀವಂತ ಹೋಗುತ್ತದೆ, ಕೊಳ್ಳುವವರು ಬೇಡವೆನ್ನುವುದಿಲ್ಲ. ಆದರೆ ಅದು ಬೇಟೆಯ ಮೀನು. ತೌಡು ಹಿಂಡಿಗೆ ಮೂತಿ ತಿರುಗಿಸುತ್ತದೆ, ಚಿಕ್ಕ ಮೀನು ಬೇಕೆನ್ನುತ್ತದೆ. ಹಾಗಾಗಿ ಹಿನ್ನೀರಿನಲ್ಲಿ ಯಾರಿಗೂ ಬೇಡವಾದ ಬೆರಳುದ್ದದ ಬಿಳಿ ಮೀನುಗಳನ್ನು ಹಿಡಿದು ಕೊಡಿರೆಂದು ಮೇಡಂ ದೋಣಿಯವರನ್ನು ಕೇಳಿದರು. ಇಲಾಖೆಯ ಕಾಗದಪತ್ರಗಳಲ್ಲಿ ಅವಕ್ಕೆ ಕಸಮೀನು ಎಂದೇ ಹೆಸರು.

ಇಲ್ಲಿ ನಮ್ಮವರ ಒಂದು ಕಟ್ಟುಪಾಡನ್ನು ಹೇಳಬೇಕು. ನಮ್ಮ ಹಿನ್ನೀರಿನಲ್ಲಿ ಬಲೆಯ ಕಣ್ಣಿನೊಳಗೆ ನಾಲ್ಕು ಬೆರಳು ಸಲೀಸಾಗಿ ತೂರಬೇಕು. ತೂರದ ಬಲೆಯನ್ನು ಹಿರಿಯರು ದಡದಲ್ಲೇ ಕೊಯ್ದು ಹಾಕುತ್ತಿದ್ದರು. ಏಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಈಗ ಕೇಂದ್ರದವರೇ ಕೇಳುತ್ತಿದ್ದಾರೆಂದ ಮೇಲೆ, ಹಿರಿಯರ ತಕರಾರು ಅಷ್ಟಾಗಿ ನಡೆಯಲಿಲ್ಲ. ಅಪ್ಪ ಸೊಳ್ಳೆಪರದೆಯ ಬಟ್ಟೆ ತಂದು ಬಲೆ ಹೊಲಿದ. ಎರಡು ವರ್ಷ ದಿನವೂ ಬೆಳಿಗ್ಗೆ ಅವನು ಬುಟ್ಟಿಗಳನ್ನು ತರುತ್ತಿದ್ದ, ನಾನು ತೂಗಿ ಬರೆದುಕೊಳ್ಳುತ್ತಿದ್ದೆ, ಕೊರವಗಳು ಕೊಳದ ಮೂಲೆಗೆ ನುಗ್ಗಿ ಬಂದು ಬಾಯಿ ತೆರೆಯುತ್ತಿದ್ದವು. ಎರಡನೆಯ ವರ್ಷದ ಬೆಳೆ ಸುತ್ತಲಿನ ಯಾವ ಕೇಂದ್ರವೂ ತೆಗೆಯದಷ್ಟು ಬಂತು. ನಲವತ್ತು ಹೊಸ ಕೊಳಗಳ ಯೋಜನೆ ಸಿದ್ಧವಾಯಿತು, ಮೇಡಂಗೆ ಬಡ್ತಿಯ ಮಾತೂ ಕೇಳಿಬಂತು.

ಮೇಡಂ ಅವರ ಒಂದು ಅಭ್ಯಾಸ, ಗುರುತಿಲ್ಲದ ಯಾವುದನ್ನೂ ಎಸೆಯಲು ಬಿಡದಿರುವುದು. ಮೊದಲ ವರ್ಷವೇ ಅವರು ಬುಟ್ಟಿಯೊಂದರಿಂದ ಹತ್ತು ಹನ್ನೆರಡು ಬಿಳಿ ಮರಿಗಳನ್ನು ಆರಿಸಿ, ಕಚೇರಿಯ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ಬಿಟ್ಟಿದ್ದರು. ಇವು ಯಾವ ಜಾತಿಯೆಂದು ಬಿಡುವಾದಾಗ ನೋಡಬೇಕೆಂದುಕೊಂಡಿದ್ದರಂತೆ, ಬಿಡುವು ಆಗಲಿಲ್ಲ. ಅವುಗಳಿಗೆ ಅನ್ನದ ಅಗುಳು ಹಾಕಿ ಸಾಕಿದ್ದು ಕೇಂದ್ರದ ಕಸ ಗುಡಿಸುತ್ತಿದ್ದ ಅಜ್ಜಿ. ನಲವತ್ತು ಕೊಳಗಳ ಶಂಕುಸ್ಥಾಪನೆಗೆ ಮೇಲಧಿಕಾರಿಗಳು ಬರುವ ಮೂರು ದಿನ ಮುಂಚೆ, ತೊಟ್ಟಿ ತೊಳೆದು ಸುಣ್ಣ ಬಳಿಯಲು ಹೋದ ಅಜ್ಜಿ ಪೊರಕೆ ಹಿಡಿದುಕೊಂಡೇ ಕಚೇರಿಯೊಳಗೆ ಬಂದರು.

“ಮೇಡಂ, ನಿಮ್ಮ ಕಸಕ್ಕೆ ಬಣ್ಣ ಬಂದಿದೆ, ನೋಡಿ ಬನ್ನಿ.”

ಹೋಗಿ ನೋಡಿದೆವು. ತೊಟ್ಟಿಯಲ್ಲಿ ಅಂಗೈಯಗಲದ ಏಳು ಮೀನುಗಳು ತಿರುಗುತ್ತಿದ್ದವು. ಅವುಗಳ ರೆಕ್ಕೆಯ ಅಂಚಿಗೆ ಕೆಂಪು ಹತ್ತಿತ್ತು. ಅವು ಯಾವುವೆಂದು ಹೇಳಲು ನನಗೆ ಪುಸ್ತಕ ಬೇಕಿರಲಿಲ್ಲ. ಕೆಂಪುರೆಕ್ಕೆ, ನಮ್ಮ ಹಿನ್ನೀರಿನ ದೊಡ್ಡ ಮೀನು, ನಮ್ಮ ಮನೆಗಳು ನಿಂತಿದ್ದೇ ಅದರ ಮೇಲೆ. ಆದರೆ ಅದರ ಮರಿ ಹೇಗಿರುತ್ತದೆಂದು ನಮ್ಮಲ್ಲಿ ಒಬ್ಬರೂ ಕಂಡವರಿರಲಿಲ್ಲ. ನಾಲ್ಕು ಬೆರಳಿನ ಕಣ್ಣಿನ ಬಲೆಗೆ ಮರಿ ಸಿಕ್ಕುವುದಾದರೂ ಹೇಗೆ? ತಲೆಮಾರುಗಳಿಂದ ಮರಿಯನ್ನು ಹಿಡಿಯದೇ ಬಿಟ್ಟ ಜನ, ಹಿಡಿದಾಗ ಅದನ್ನು ಗುರುತಿಸಲಾರದೇ ಹೋದರು. ಅವರಲ್ಲಿ ನಾನೂ ಒಬ್ಬಳು, ತೂಗಿ ತೂಗಿ ಬರೆದವಳು.

ಮೇಡಂ ಅಂದಿನ ಬುಟ್ಟಿಯನ್ನು ಬಿಳಿಯ ಬಟ್ಟೆಯ ಮೇಲೆ ಸುರಿಸಿ, ಒಂದೊಂದನ್ನೇ ತೊಟ್ಟಿಯ ಮೀನಿನೊಡನೆ ಹೋಲಿಸಿ ಬೇರ್ಪಡಿಸಿದರು. ಹತ್ತರಲ್ಲಿ ಆರು ಕೆಂಪುರೆಕ್ಕೆಯ ಮರಿಗಳು. ಒಂದು ಕಿಲೋ ಕೊರವ ಬೆಳೆಯಲು ನಾಲ್ಕು ಕಿಲೋ ಚಿಕ್ಕ ಮೀನು ಹೋಗುತ್ತಿತ್ತು. ಹಿನ್ನೀರಿನ ಹೊರೆ ಇಳಿಸಲೆಂದು ತೆರೆದ ಕೊಳಗಳು ಹಿನ್ನೀರನ್ನೇ ಮೇಯುತ್ತಿದ್ದವು.

ಅಂದು ಮಧ್ಯಾಹ್ನ ಅವರು ನಮ್ಮ ಮನೆಗೆ ನಡೆದು ಬಂದರು. ಒಂದು ಕೈಯಲ್ಲಿ ನೀರು ತುಂಬಿದ ಬಕೆಟ್, ಇನ್ನೊಂದರಲ್ಲಿ ಎಲೆಯಲ್ಲಿ ಸುತ್ತಿದ ಸತ್ತ ಮರಿ. ಅಪ್ಪ ಹಿತ್ತಲಿನ ಗೋಡೆಗೆ ಒರಗಿ ಬಲೆ ಹೊಲಿಯುತ್ತಿದ್ದ. ಬಕೆಟ್ ಅವನೆದುರಿಗಿಟ್ಟು, “ಇದು ಯಾವುದು ಹೇಳಿ” ಎಂದರು.

“ಕೆಂಪುರೆಕ್ಕೆ. ತೊಟ್ಟಿಲ ಮಗೂಗೂ ಗೊತ್ತು.”

“ಇದು?” ಎಂದು ಎಲೆ ಬಿಚ್ಚಿದರು.

“ನಿಮ್ಮ ಕಸ.”

“ಬಕೆಟ್ಟಿನಲ್ಲಿರೋದೂ ಹೋದ ವರ್ಷ ಇದೇ ಥರ ಬುಟ್ಟೀಲಿ ಬಂದಿದ್ದು. ತೊಟ್ಟೀಲಿ ಬೆಳೆದು ಹೀಗಾಗಿದೆ.”

ಅಪ್ಪ ಸತ್ತ ಮರಿಯನ್ನು ಹೊರಳಿಸಿ ಹೊರಳಿಸಿ ನೋಡಿದ. ಬಕೆಟ್ಟಿನಲ್ಲಿ ಕೈಯಿಟ್ಟು ಬದುಕಿದ್ದರ ಬೆನ್ನು ಸವರಿದ. “ಹಾಗಾದ್ರೆ ಎರಡು ವರ್ಷದಿಂದ ನನ್ನ ಬಾಯಿಗೆ ನಾನೇ ಮಣ್ಣು ಹಾಕ್ಕೋತಿದ್ದೆ ಅನ್ನಿ.”

“ಕೈ ನಿಮ್ಮದು. ಹಾಕ್ಸಿದ್ದು ನಾನು.”

“ಮತ್ತೆ ನಿಮ್ಮ ನಲವತ್ತು ಕೊಳ?”

“ನಾಳೆ ಹೋಗಿ ಬೇಡ ಅಂತೀನಿ. ಮೊದಲು ನಿಮಗೆ ಹೇಳ್ಬೇಕು ಅನ್ನಿಸ್ತು.”

ಒಳಗಿನಿಂದ ಅಮ್ಮನ ದನಿ ಬಂತು: “ಹೇಳಿದ್ದಾಯ್ತಲ್ಲ, ನಾಳೆಯಿಂದ ಒಲೆ ಮೇಲೆ ಏನಿಡೋದು ಅಂತಾನೂ ಹೇಳಿ ಹೋಗಿ.”

ಮೇಡಂ ಬಾಗಿಲ ಕಡೆ ತಿರುಗಿ, “ಗೊತ್ತಿಲ್ಲಮ್ಮ” ಎಂದರು. ದೊಡ್ಡ ಹುದ್ದೆಯಲ್ಲಿರುವವರ ಬಾಯಿಂದ ಈ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಮರುದಿನದ ಸಭೆಯಲ್ಲಿ ನಾನು ಕಡತ ಹಿಡಿದು ಹಿಂದೆ ನಿಂತಿದ್ದೆ. ಮೇಲಧಿಕಾರಿಗಳು ಒಳ್ಳೆಯ ಮಾತಿನಲ್ಲೇ ಹೇಳಿದರು: “ಇಷ್ಟು ಚೆನ್ನಾಗಿ ಬೆಳೆ ತೆಗೆದು ನೀವೇ ಅದರ ಮೇಲೆ ತಣ್ಣೀರು ಹುಯ್ಯಬೇಕೇನಮ್ಮ?” ಮೇಡಂ, “ಒಂದು ಕಿಲೋ ಬೆಳೆಯೋಕೆ ನಾಲ್ಕು ಕಿಲೋ ಹಿಡಿಬೇಕು ಅಂದ್ರೆ ಅದು ಸಾಕಣೆ ಹೇಗಾಗುತ್ತೆ ಸಾರ್? ಅದೂ ಒಂದು ಬಲೆನೇ, ಏರಿ ಕಟ್ಟಿದ ಬಲೆ” ಎಂದರು. ನಲವತ್ತು ಕೊಳಗಳು ಬೇರೆ ಕಡೆಗೆ ಹೋದವು. ಬಡ್ತಿ ಹನ್ನೊಂದು ವರ್ಷ ತಡವಾಯಿತು. ಅವರ ಕೈಯಲ್ಲಿ ಕಲಿತವರು ಅವರ ಮೇಲಧಿಕಾರಿಗಳಾಗಿ ಬಂದು ಎದುರಿನ ಕುರ್ಚಿಯಲ್ಲಿ ಕುಳಿತರು. ಅವರಿಗೂ ಕೊಳದ ಲೆಕ್ಕವನ್ನು ಮೇಡಂ ಅಷ್ಟೇ ತಾಳ್ಮೆಯಿಂದ ಒಪ್ಪಿಸಿದರು.

ಕೊರವದ ಕೊಳಗಳು ಬರಿದಾದವು. ಅವುಗಳಲ್ಲಿ ಮೇಡಂ ಗೆಂಡೆ ಜಾತಿಯ ಮೀನುಗಳನ್ನು ಬಿಟ್ಟರು: ಹುಲ್ಲು ತಿನ್ನುವುದೊಂದು, ನೀರಿನ ಪಾಚಿ ತಿನ್ನುವುದೊಂದು, ತಳದ ಕೊಳೆತದ್ದನ್ನು ತಿನ್ನುವುದೊಂದು. ಮೇಲಿನಿಂದ ತೌಡು, ಹಿಂಡಿ. ಒಂದು ಹಿಡಿ ಹಿನ್ನೀರಿನ ಮೀನೂ ಈ ಕೊಳಗಳ ಬಾಯಿಗೆ ಬೀಳಬಾರದೆಂಬುದು ಅಂದಿನಿಂದ ಇಂದಿನವರೆಗೆ ಕೇಂದ್ರದ ನಿಯಮ. ಜೊತೆಗೆ ಅವರು ದೋಣಿಯವರ ಮುಂದೆ ಒಂದು ಬೇಡಿಕೆಯಿಟ್ಟರು: ಹಿನ್ನೀರಿನ ಮೀನು ಮೊಟ್ಟೆಯಿಡುವ ಮೂರು ತಿಂಗಳು ಬಲೆ ಬಿಡಬೇಡಿ. ಆ ಮೂರು ತಿಂಗಳಲ್ಲೇ, ಕೇಂದ್ರ ನಿಮ್ಮ ಪಾಲಿಗೆ ಬಿಟ್ಟುಕೊಡುವ ಕೊಳದ ಮೀನು ಬಲಿಯುವಂತೆ ಮರಿ ಬಿಡುವ ಲೆಕ್ಕವನ್ನು ನಾನು ಹಾಕಿಕೊಡುತ್ತೇನೆ ಎಂದರು.

ಲೆಕ್ಕ ಸರಿಯಾಗಿಯೇ ಇತ್ತು, ಮೀನೂ ಬಲಿತಿತ್ತು, ಆದರೆ ಮಾರುಕಟ್ಟೆಯಲ್ಲಿ ಯಾರೂ ಮೂಸಲಿಲ್ಲ. ನಮ್ಮಮ್ಮ ಮೊದಲ ದಿನದ ಬುಟ್ಟಿಯನ್ನು ಹಾಗೆಯೇ ಹೊತ್ತು ತಂದು ಕಚೇರಿಯ ಮೇಜಿನ ಮೇಲಿಟ್ಟಳು. “ಕೊಳದಕ್ಕ, ನನ್ನ ಕೈಲಿ ಮೀನು ಮಾರಿಸ್ತೀರೋ ಕೆಸರು ಮಾರಿಸ್ತೀರೋ? ಒಬ್ಬಳಂತೂ ಇದರ ಜೊತೆ ನಾಲ್ಕು ಇಟ್ಟಿಗೆ ಕೊಡು, ಗೋಡೆ ಕಟ್ಟಿಸ್ತೀನಿ ಅಂದ್ಲು.” ಆ ಹೆಸರು ಹುಟ್ಟಿದ್ದು ಅಂದು, ಸಿಟ್ಟಿನಲ್ಲಿ. ಮರುದಿನ ಮೇಡಂ ರಜೆ ಹಾಕಿ ಅಮ್ಮನ ಪಕ್ಕ ಮಾರುಕಟ್ಟೆಯ ಒದ್ದೆ ಕಲ್ಲಿನ ಮೇಲೆ ಕುಳಿತರು. ಕೊಳ್ಳುವವರ ಬೈಗುಳವನ್ನು ಒಂದೂ ಬಿಡದೆ ಕೇಳಿದರು, ಮನೆಗೆ ಎರಡು ಮೀನು ಒಯ್ದು ತಾವೇ ಬೇಯಿಸಿ ತಿಂದು ನೋಡಿದರು. ತಳದ ಕೆಸರಿನ ವಾಸನೆ ಮಾಂಸಕ್ಕೆ ಇಳಿಯುತ್ತದೆ, ಮಾರುವ ಮುಂಚೆ ಐದಾರು ದಿನ ಮೇವು ಕೊಡದೆ ಹರಿಯುವ ತಿಳಿನೀರಿನಲ್ಲಿ ಬಿಟ್ಟರೆ ಅದು ಹೋಗುತ್ತದೆ ಎಂಬುದನ್ನು ಹಾಗೆ ಕಂಡುಕೊಂಡೆವು. ಇಂದು ನಮ್ಮ ಸಂಘದ ಪ್ರತಿ ಕೊಳದ ಪಕ್ಕದಲ್ಲಿರುವ ತಿಳಿನೀರಿನ ಕಾಲುವೆ ಅಮ್ಮನ ಬಾಯಿಯ ಕೊಡುಗೆಯೆಂದು ಮೇಡಂ ಬಂದವರಿಗೆಲ್ಲ ಹೇಳುತ್ತಾರೆ. ಅಮ್ಮ ಅದನ್ನು ಹೊಗಳಿಕೆಯೆಂದೇ ತಿಳಿದಿದ್ದಾಳೆ.

ಬಲೆ ನಿಲ್ಲಿಸುವುದು ಮಾತ್ರ ಇಷ್ಟು ಸುಲಭವಾಗಲಿಲ್ಲ. ಸೊಳ್ಳೆಪರದೆಯ ಬಲೆಯನ್ನು ಕಲಿಸಿದ್ದು ನಾವು; ನಾವು ಬಿಟ್ಟರೂ ಅದು ಊರೂರಿಗೆ ಹಬ್ಬಿತ್ತು. ಮೇಡಂ ಒಂದೊಂದೇ ದೋಣಿಯಿಳಿಯುವ ಜಾಗಕ್ಕೆ ಹೋಗಿ, ತಮ್ಮ ತಪ್ಪನ್ನು ತಾವೇ ಹೇಳಿಕೊಂಡು ಆ ಬಲೆಗಳನ್ನು ಕೇಳಿ ಪಡೆದರು. ಎಲ್ಲ ಬರಲು ಏಳು ವರ್ಷ ಹಿಡಿಯಿತು. ಜೊತೆಗೆ ಹೋಗುತ್ತಿದ್ದವನು ಅಪ್ಪ. “ಇವರು ಹೇಳೋದು ಸುಳ್ಳಲ್ಲ, ಮೊದಲು ಹೊಲಿದವನು ನಾನೇ” ಎಂದು ಪ್ರತಿ ಸಭೆಯಲ್ಲೂ ಎದ್ದು ನಿಲ್ಲುತ್ತಿದ್ದ.

ಫಲವೇನಾಯಿತೆಂದು ಓದುಗರು ಕೇಳಬಹುದು. ಆಮೇಲಿನ ನಾಲ್ಕೈದು ವರ್ಷಗಳಲ್ಲಿ ಹಿನ್ನೀರಿನ ಉಳಿದ ಮೀನುಗಳು ಬಲೆಗೆ ತೂಕ ತಂದವು. ಮುನ್ನೂರು ಮನೆಗಳು ಮೂರು ತಿಂಗಳು ಕೊಳದ ಮೇಲೆ, ಒಂಬತ್ತು ತಿಂಗಳು ಹಿನ್ನೀರಿನ ಮೇಲೆ ಬದುಕುತ್ತಿವೆ. ಆದರೆ ಕೆಂಪುರೆಕ್ಕೆ ಬರಲಿಲ್ಲ. ತೊಟ್ಟಿಯ ಏಳು ಮೀನುಗಳು ಬಲಿತ ಮೇಲೆ ಅವುಗಳಿಂದ ಮರಿ ಮಾಡಿಸಲು ಮೇಡಂ ಮೂರು ಬಾರಿ ಪ್ರಯತ್ನಿಸಿದರು; ಅದು ತೊಟ್ಟಿಯಲ್ಲಿ ಬೆಳೆಯುತ್ತದೆ, ಮೊಟ್ಟೆಯಿಡುವುದಿಲ್ಲ. ಕೊನೆಗೆ ಅವನ್ನು ಹಿನ್ನೀರಿಗೇ ಬಿಟ್ಟೆವು. ಸಾಕಿದ ಮೀನು ಹಿನ್ನೀರಿಗೆ ಉಸಿರಾಡಲು ಬಿಡುವು ಕೊಡಬಲ್ಲದು, ಹೋದದ್ದನ್ನು ತಂದುಕೊಡಲಾರದು. ಈ ಮಿತಿಯನ್ನು ಅವರು ಪ್ರತಿ ತರಬೇತಿಯ ಮೊದಲ ದಿನವೇ ಹೇಳುತ್ತಾರೆ. ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಯಾರಿಗಾದರೂ ಒಂಟಿ ಕೆಂಪುರೆಕ್ಕೆ ಸಿಗುತ್ತಿತ್ತು. ಸಿಕ್ಕವರು ಬಿಟ್ಟು ಬಂದು ಅವರಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಮರಿ ಮಾತ್ರ ಒಂದೂ ಕಾಣಲಿಲ್ಲ.

ಕಳೆದ ಹಂಗಾಮಿನಲ್ಲಿ ಮರಿಗಳ ಲೆಕ್ಕಕ್ಕೆಂದಷ್ಟೇ ನೀರಿಗಿಳಿಸುವ ನಮ್ಮ ಸಣ್ಣ ಕಣ್ಣಿನ ಪರೀಕ್ಷೆಯ ಬಲೆಯಲ್ಲಿ ಬೆರಳುದ್ದದ ಬಿಳಿ ಮರಿಗಳು ಸಿಕ್ಕವು. ಕೆಂಪು ಎಲ್ಲಿಯೂ ಇರಲಿಲ್ಲ. ಆದರೂ ಈ ಬಾರಿ ದೋಣಿಯಲ್ಲಿದ್ದ ಯಾರೂ ಅವನ್ನು ಕಸವೆನ್ನಲಿಲ್ಲ. ಕಣ್ಣು ಮಂಜಾದ ಅಪ್ಪ ಒಂದನ್ನು ಮೂಗಿನ ಹತ್ತಿರ ಹಿಡಿದು, “ಅಕ್ಕಾ, ಇದು ಅದೇ” ಎಂದ. ಮೇಡಂ ಎಣಿಸಿದರು. ಹನ್ನೊಂದು. ಇನ್ನೊಮ್ಮೆ ಎಣಿಸಿದರು. ಆಮೇಲೆ ಒಂದೊಂದನ್ನೂ ಅಂಗೈಯಿಂದ ನೀರಿಗೆ ಜಾರಿಸಿದರು.

ಕೆಂಪುರೆಕ್ಕೆಯ ಮರಿ ಬೆಳೆದು ಮೊಟ್ಟೆಯಿಡಲು ಆರು ವರ್ಷ ಬೇಕು. ಹನ್ನೊಂದರಲ್ಲಿ ಎಷ್ಟು ಉಳಿಯುತ್ತವೋ, ಉಳಿದವು ಮೊಟ್ಟೆಯಿಡುತ್ತವೋ ಇಲ್ಲವೋ, ಇಂದು ಹೇಳಬಲ್ಲವರಿಲ್ಲ. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟದಲ್ಲಿ ‘ಕೆಂಪುರೆಕ್ಕೆಯನ್ನು ಮರಳಿ ತಂದವರು’ ಎಂದು ಬರೆಯಲು ಹೊರಟಿದ್ದ ನನ್ನನ್ನು ಅವರೇ ತಡೆದರು: “ಬಂದ ಮೇಲೆ ಬರಿ. ಈಗ್ಲೇ ಬರೆದ್ರೆ ಅದೂ ಕೊರವದ ಬೆಳೆ ಆಗುತ್ತೆ.” ನಿವೃತ್ತಿಯ ಮರುದಿನದಿಂದ ತಿಂಗಳಿಗೊಮ್ಮೆ ದೋಣಿಯಲ್ಲಿ ಒಂದು ಜಾಗ ಬೇಕೆಂದು ಅಪ್ಪನನ್ನು ಕೇಳಿಟ್ಟಿದ್ದಾರೆ. ಅಪ್ಪ ಗತ್ತಿನಿಂದಲೇ ಒಪ್ಪಿದ್ದಾನೆ: “ಬನ್ನಿ. ಆದ್ರೆ ನನ್ನ ದೋಣೀಲಿ ಮೇಡಂಗಿರಿ ನಡೆಯಲ್ಲ, ಒಳಗೆ ಬಂದ ನೀರು ತೋಡಿ ಹಾಕಬೇಕಾಗುತ್ತೆ.”

ನಮ್ಮ ಹಾರೈಕೆಯೂ ಅಷ್ಟೇ. ನೀರು ತೋಡುವಷ್ಟು ಕಸುವು ಅವರ ತೋಳಿಗೂ, ಬಿಳಿ ಮರಿಯನ್ನು ಗುರುತಿಸುವಷ್ಟು ಬೆಳಕು ಅವರ ಕಣ್ಣಿಗೂ ಬಹುಕಾಲ ಉಳಿಯಲಿ. ಮೊದಲು ಈ ಆರು ವರ್ಷ ಕಳೆಯಲಿ. ಆ ಹಂಗಾಮಿನ ಬೆಳಿಗ್ಗೆ ಪರೀಕ್ಷೆಯ ಬಲೆಯನ್ನು ಮೇಲೆತ್ತುವಾಗ ದೋಣಿಯಲ್ಲಿ ಕೊಳದಕ್ಕ ಇರಲಿ. ಬಲೆಯಲ್ಲಿ ಏನಿದ್ದರೂ, ಏನಿಲ್ಲದಿದ್ದರೂ, ಇದ್ದದ್ದನ್ನು ಇದ್ದಂತೆ ಎಣಿಸಿ ಹೇಳಲು ನಮಗೆ ಅವರೇ ಬೇಕು.