ಚೆಂಡು ತೊಳೆದವರ ಮೇಲೆ ಬರೆದ ಅರ್ಜಿ

ಒಣಗಿದ ತೊಗಲ ಚೆಂಡಿಗೆ ಕಾಲು ಬಿದ್ದರೆ ‘ಠಪ್’ ಎಂದು ಹಗುರಾಗಿ ಕೇಳುತ್ತಿತ್ತು. ಅದೇ ಚೆಂಡು ನೀರು ಕುಡಿದು ಭಾರವಾದ ಮೇಲೆ ಬರುವ ಸದ್ದು ಬೇರೆ. ಗೋಡೆಗೆ ಸಗಣಿಯ ಕುಳ್ಳು ಬಡಿದ ಹಾಗೆ, ‘ದೊಪ್ಪ್’ ಎಂದು. ಆ ಮಧ್ಯಾಹ್ನ ಅಫಜಲಪುರದ ಬಯಲಿನಲ್ಲಿ ಮೊದಲ ಸದ್ದು ಸ್ವಲ್ಪ ಸ್ವಲ್ಪವೇ ಎರಡನೆಯದಾಗಿ ಬದಲಾದದ್ದನ್ನು ನಾನು ಕಮಾನು ಗಾಡಿಯೊಳಗೆ ಕೂತು ಕೇಳಿದ್ದೇನೆ.

ಆಗ ನನಗೆ ಹದಿನೈದು. ಸಿಕಂದರಾಬಾದಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಕಾನ್ವೆಂಟಿನಲ್ಲಿ ಓದುತ್ತಿದ್ದೆ. ರಜೆಗೆ ಆಳಂದಕ್ಕೆ ಬಂದಿದ್ದೆ. ಅಪ್ಪ ಅಲ್ಲಿ ಒಂದು ಶಾಲೆಯ ಹೆಡ್‌ಮಾಸ್ತರ್. ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಸುತ್ತಿನ ತಾಲೂಕುಗಳ ಶಾಲೆಗಳು ಸೇರಿ ಒಂದು ಬೆಳ್ಳಿ ಕಪ್ಪಿಗಾಗಿ ಫುಟ್‌ಬಾಲ್ ಆಡುತ್ತಿದ್ದವು. ಆ ಸಲ ಅಪ್ಪನ ಶಾಲೆ ಫೈನಲ್‌ಗೆ ಬಂದಿತ್ತು, ಆಟ ಅಫಜಲಪುರದಲ್ಲಿ. ಅಲ್ಲಿ ನಮ್ಮ ಸೋದರತ್ತೆಯ ಮನೆ ಇದ್ದುದರಿಂದ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹೆಣ್ಣುಮಕ್ಕಳು ಬಯಲಿಗೆ ಇಳಿಯುವಂತಿರಲಿಲ್ಲ. ಗಾಡಿಯ ಪರದೆಯನ್ನು ಎರಡು ಬೆರಳಷ್ಟು ಸರಿಸಿ ನೋಡಬೇಕು. ಎದುರಿನ ತಂಡ ಯಾವ ಊರಿನದೆಂದು ನಾನು ಬರೆಯುವುದಿಲ್ಲ. ಅವರ ಮೊಮ್ಮಕ್ಕಳು ನನಗೆ ಪರಿಚಯ, ಡೀಸೆಂಟ್ ಮಂದಿ.

ನಮ್ಮ ಗೋಲ್‌ಕೀಪರ್ ಹೊಲಗೇರಿಯ ಹುಡುಗ. ನನ್ನ ವಯಸ್ಸಿನವನೇ, ಬಹಳವಾದರೆ ಒಂದು ವರ್ಷ ದೊಡ್ಡವನು. ಶಾಲೆಯಲ್ಲಿ ಅವನು ಕೋಣೆಯ ಹೊರಗೆ, ಬಾಗಿಲ ಪಕ್ಕ ಕೂತು ಪಾಠ ಕೇಳುತ್ತಿದ್ದ. ಗೋಲಿನ ಎರಡು ಕಂಬಗಳ ನಡುವೆ ಮಾತ್ರ ಅವನಿಗೆ ತನ್ನದು ಎಂಬ ಒಂದು ಜಾಗ. ಅವನು ಹಾರಿ ಚೆಂಡು ಹಿಡಿದರೆ, ಅವನ ಜೊತೆ ಬೆಂಚಿನ ಮೇಲೆ ಕೂರದ ಹುಡುಗರೇ ‘ಶಾಬಾಶ್‌ಲೇ!’ ಎಂದು ಕೂಗುತ್ತಿದ್ದರು. ಆದರೆ ಗೋಲ್‌ಕೀಪರ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿಯುವವನು. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಮೊದಲ ಸಲ ಅವನು ಹಿಡಿದು ಎಸೆದ ಚೆಂಡು ಗೆರೆ ದಾಟಿ ಹೊರಗೆ ಹೋಯಿತು. ಎದುರಿನವರು ಅದನ್ನು ಎತ್ತಿ ಒಳಗೆ ಎಸೆಯಬೇಕಿತ್ತು. ಯಾರೂ ಎತ್ತಲಿಲ್ಲ. ಅವರ ಕಡೆಯ ಯಜಮಾನರೊಬ್ಬರು, ಜರಿ ರುಮಾಲಿನವರು, ತಾಮ್ರದ ತಂಬಿಗೆ ಹಿಡಿದುಕೊಂಡು ಬಂದು ಚೆಂಡಿನ ಮೇಲೆ ನೀರು ಸುರಿದರು. ಆಮೇಲೆ ಆಟ ಮುಂದುವರಿಯಿತು. ಅವನು ಮುಟ್ಟಿದ ಚೆಂಡು ಹೊರಗೆ ಹೋದಾಗಲೆಲ್ಲ ಹೀಗೇ. ರೆಫ್ರಿ ಸೀಟಿ ಕಚ್ಚಿಕೊಂಡು ಬೇರೆ ಕಡೆ ನೋಡುತ್ತ ನಿಂತಿರುತ್ತಿದ್ದರು. ನಮ್ಮ ಕ್ಯಾಪ್ಟನ್ ಹೋಗಿ ಕೇಳಿದ್ದಕ್ಕೆ, ‘ರೂಲ್ ಬುಕ್ಕಿನ್ಯಾಗ ನೀರಿನ ಮಾತಾ ಇಲ್ಲ. ಆಡ್ರಿ, ಆಡ್ರಿ’ ಅಂದರು.

‘ಏ, ಚೆಂಡಿಂದು ಜಳಕ ಆಯ್ತು, ಇನ್ನ ಇಬೂತಿ ಹಚ್ಚರಿ ಅದಕ್ಕ!’ ಎಂದು ಗುಂಪಿನಿಂದ ಯಾರೋ ಕೂಗಿದರು. ಬಯಲಿಗೆ ಬಯಲೇ ನಕ್ಕಿತು. ಗಾಡಿಯೊಳಗೆ ಅತ್ತೆ ನಕ್ಕಳು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಸೆಕೆಂಡ್ ಹಾಫ್ ಹೊತ್ತಿಗೆ ಚೆಂಡು ಊದಿಕೊಂಡು ಕಲ್ಲಾಗಿತ್ತು. ಕೊನೆಗೆ ಬಂದ ಒಂದು ಹೊಡೆತವನ್ನು ಅವನು ಹಿಡಿದ. ಹಿಡಿದದ್ದು ನಿಜ, ಆದರೆ ಬೆರಳು ಹಿಂದಕ್ಕೆ ಮಡಚಿ, ಚೆಂಡು ಎದೆಗೆ ಬಡಿದು, ಅವನನ್ನೂ ತಳ್ಳಿಕೊಂಡು ಗೋಲಿನೊಳಗೆ ಹೋಯಿತು. ಆ ಒಂದು ಗೋಲಿಗೆ ನಾವು ಸೋತೆವು.

ಆಳಂದಕ್ಕೆ ಮರಳಿದ ಮೇಲೆ ಅಪ್ಪ ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಗೆದ್ದವರ ಕಡೆಯಿಂದಲೇ ಸುದ್ದಿ ಬಂತು: ಮುಂದಿನ ಸಲ ಆ ಹುಡುಗ ಗೋಲಿನಲ್ಲಿ ನಿಂತರೆ ತಾವು ಆಡಲು ಬರುವುದಿಲ್ಲ. ಅಪ್ಪನಿಗೆ ಸಿಟ್ಟು ಬಂದದ್ದು ಆಗ. ಆ ಕಪ್ಪಿನ ವ್ಯವಹಾರ ನೋಡುತ್ತಿದ್ದ ಸಾಹೇಬರಿಗೆ ಅರ್ಜಿ ಕೊಡುವುದೆಂದು ನಿಶ್ಚಯಿಸಿದರು. ಅಪ್ಪನಿಗೆ ಉರ್ದು, ಕನ್ನಡ ಎರಡೂ ಚೆನ್ನಾಗಿ ಬರುತ್ತಿದ್ದವು, ಇಂಗ್ಲಿಷ್ ಅಷ್ಟಕ್ಕಷ್ಟೇ.

‘ಇಂಗ್ಲಿಷಿನ್ಯಾಗ ಹೋದ್ರ ಸಾಹೇಬ್ರು ಕುಂತು ಓದ್ತಾರ. ನೀ ಬರಿ’ ಎಂದು ನನ್ನ ಮುಂದೆ ಕಾಗದ ಇಟ್ಟರು.

ನಡೆದದ್ದನ್ನು ಅವನ ಬಾಯಿಂದಲೇ ಕೇಳಿ ಬರೆಯಲೆಂದು ಹುಡುಗನನ್ನು ಕರೆಸಿದರು. ಅವನು ಅಂಗಳದಿಂದ ಪಡಸಾಲೆಗೆ ಹತ್ತುವ ಕೆಳಗಿನ ಮೆಟ್ಟಿಲ ಮೇಲೆ ಕೂತ. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ. ನಾನು ಪಡಸಾಲೆಯಲ್ಲಿ, ಮೇಜಿನ ಮುಂದೆ.

‘ಏನಂದ್ರು ಅವ್ರು? ಹೇಳು’ ಎಂದೆ.

ಅವನು ಹೇಳಿದ. ಆವತ್ತು ಬರೆಯದೆ ಬಿಟ್ಟದ್ದನ್ನು ಇಲ್ಲಿ ಇದ್ದ ಹಾಗೇ ಬರೆಯುತ್ತೇನೆ. ‘“ಹೊಲ್ಯಾ, ಸತ್ತ ದನ ಎಳಿಯೋ ಕೈಲಿ ಚೆಂಡು ಹಿಡಿತೀ? ಕೈ ಕಡೀತೇವಿ” ಅಂದ್ರು ನೋಡ್ರಿ. ಗೋಲಿನ ಹಿಂದ ನಿಂತು ಆಟ ಮುಗಿಯೋ ತನಕಾ ಅಂದ್ರು.’

ಲೆಟರ್ ರೈಟಿಂಗ್ ಕಲಿಸುವಾಗ ಕಾನ್ವೆಂಟಿನ ಸಿಸ್ಟರ್ ನಮಗೆ ಹೇಳಿಕೊಟ್ಟಿದ್ದರು: ದೊಡ್ಡವರಿಗೆ ಬರೆಯುವ ಪತ್ರದಲ್ಲಿ ಹೊಲಸು ಮಾತು ಬರಬಾರದು, ದೂರು ಕೂಡ ಪೊಲೈಟ್ ಆಗಿರಬೇಕು, ಎ ಲೇಡಿ ಡಸ್ ನಾಟ್ ರಿಪೀಟ್ ಸಚ್ ಥಿಂಗ್ಸ್. ನಾನು ಬರೆದದ್ದು ಇಷ್ಟು: ಆಟದ ವೇಳೆ ನಮ್ಮ ಗೋಲ್‌ಕೀಪರನ ಕುರಿತು ಕೆಲವು ಅಯೋಗ್ಯ ಮಾತುಗಳು ಕೇಳಿಬಂದವು, ಚೆಂಡಿಗೆ ಮೇಲಿಂದ ಮೇಲೆ ನೀರು ಹಾಕಿದ್ದರಿಂದ ಅದು ಭಾರವಾಯಿತು. ಅದನ್ನು ಕನ್ನಡದಲ್ಲಿ ಓದಿ ಹೇಳಿದೆ.

ಅವನು ಬೆರಳಿನ ಬಟ್ಟೆಯ ಗಂಟು ಬಿಗಿದುಕೊಂಡ. ‘ಅಕ್ಕಾರ, ನೀರು ಯಾಕ ಹಾಕಿದ್ರು ಅನ್ನೋದು ಬಂದಿಲ್ಲಲ್ರಿ.’

‘ಅದು ಎಲ್ಲಾರಿಗೂ ಗೊತ್ತಿರೋ ಮಾತು.’

‘ಗೊತ್ತಿದ್ರೂ ಬರೀರಿ. ಕಾಗದದಾಗ ಇಲ್ಲಂದ್ರ ಅವ್ರು ತಾವಾಗಿ ಯಾಕ ಒಪ್ಪತಾರ್ರಿ?’

‘ಇಂಗ್ಲಿಷಿನ್ಯಾಗ ಹಂಗ ಬರಿಯೋದಿಲ್ಲ’ ಅಂದೆ.

ಇಂಗ್ಲಿಷಿನಲ್ಲಿ ಏನು ಬೇಕಾದರೂ ಬರೆಯಬಹುದು. ಅವ್ವ ಒಳಬಾಗಿಲಲ್ಲಿ ನೀರಿನ ಚರಿಗೆ ಹಿಡಿದು, ಅವನು ಯಾವಾಗ ಏಳುತ್ತಾನೆಂದು ಕಾಯುತ್ತ ನಿಂತಿದ್ದಳು. ಚೆಂಡಿಗೆ ನೀರು ಹಾಕಿದ್ದು ಅನ್ಯಾಯವೆಂದು ಬರೆದರೆ ನಮ್ಮ ಮನೆಯ ಆ ಮೆಟ್ಟಿಲಿಗೆ ಏನೆನ್ನಬೇಕು? ಅಷ್ಟು ಸ್ಪಷ್ಟವಾಗಿ ಆಗ ಯೋಚಿಸಿದೆನೆಂದು ಹೇಳಲಾರೆ. ಪೆನ್ನು ಮುಂದೆ ಹೋಗಲಿಲ್ಲ, ಅಷ್ಟೇ. ಅವನಿಗೂ ಚರಿಗೆ ಕಾಣುತ್ತಿತ್ತು. ಅವನು ಎದ್ದು ಅಂಗಳ ದಾಟುವ ಮೊದಲೇ ಮೆಟ್ಟಿಲ ಮೇಲೆ ನೀರು ಬಿತ್ತು. ಅವನು ತಿರುಗಿ ನೋಡಲಿಲ್ಲ.

ಕೆಲವು ವಾರಗಳ ನಂತರ ಸಾಹೇಬರು ಜೇವರ್ಗಿಯಲ್ಲಿ ಮೊಕ್ಕಾಂ ಮಾಡಿ ಎರಡೂ ಕಡೆಯವರನ್ನು ಕರೆಸಿದರು. ಅರ್ಜಿ ನನ್ನ ಕೈಬರಹದಲ್ಲಿತ್ತು, ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಬೇಕಾಗುತ್ತದೆಂದು ಅಪ್ಪ ನನ್ನನ್ನೂ ಕರೆದೊಯ್ದರು. ಸರ್ವೀಸ್ ಮೋಟಾರ್ ಬಸ್ಸಿನಲ್ಲಿ ನಾವು ಒಳಗೆ, ಅವನು ಮೇಲೆ ಸಾಮಾನಿನ ಜೊತೆ.

ಸಾಹೇಬರು ಅರ್ಜಿ ಓದಿ ಮೊದಲು ಹೇಳಿದ್ದು, ‘ವೆರಿ ನೈಸ್ ಹ್ಯಾಂಡ್! ಯಾರು ಬರೆದದ್ದು?’ ಅಪ್ಪ ಹೆಮ್ಮೆಯಿಂದ ನನ್ನನ್ನು ತೋರಿಸಿದರು. ನನಗೆ ಕುರ್ಚಿ ಬಂತು, ಚಹಾ ಬಂತು, ಬಿಸ್ಕೀಟೂ ಬಂತು. ಅವನು ವರಾಂಡದ ಕೆಳಗೆ ಬಿಸಿಲಿನಲ್ಲಿ ನಿಂತಿದ್ದ.

ನೀರು ಯಾಕೆ ಹಾಕಿದಿರೆಂದು ಸಾಹೇಬರು ಜರಿ ರುಮಾಲಿನವರನ್ನು ಕೇಳಿದರು.

‘ಧೂಳ್ರಿ ಸಾಹೇಬ್ರ. ಆ ಬಿಸಲಿಗಿ ತೊಗಲು ಸೀಳ್ತದ. ಚೆಂಡು ಬಾಳಿಕಿ ಬರ್ಲಿ ಅಂತ.’

‘ಅಯೋಗ್ಯ ಮಾತು ಆಡಿದರಂತೆ?’

‘ಹುಡುಗ್ರು ಆಟದಾಗ ಏನರ ಒದರ್ತಾವ್ರಿ. ಅದನ್ನೆಲ್ಲ ಯಾರು ಕಿವಿಗಿ ಹಾಕ್ಕೋತಾರ?’

ಸಾಹೇಬರು ನನ್ನ ಕಡೆ ತಿರುಗಿದರು. ‘ವಾಟ್ ವಾಸ್ ಇಟ್, ಮಿಸ್?’

ನಾನು ಕಪ್ಪಿನೊಳಗಿನ ಚಹಾ ನೋಡಿದೆ. ಅಪ್ಪ ಕೆಮ್ಮಿ, ‘ಹೆಣ್ಮಗಳು, ಸಾಹೇಬ್ರ’ ಅಂದರು. ಸಾಹೇಬರು ಅರ್ಥವಾಯಿತೆಂದು ತಲೆಯಾಡಿಸಿ ಅವನನ್ನು ಮೆಟ್ಟಿಲ ಹತ್ತಿರ ಕರೆದರು.

‘ಜಾತಿ ಹಿಡದು ಕರದ್ರು, ಸಾಹೇಬ್ರ’ ಅಂದ ಅವನು.

‘ಯಾವ ಜಾತಿ?’

‘ನಮ್ದೇ ರೀ.’

‘ನಿನ್ನದು ಅದೇ ಜಾತಿ ತಾನೆ?’

‘ಹೌದ್ರಿ.’

‘ಹಾಗಾದರೆ ಇಲ್ಲದ್ದೇನೂ ಅನ್ನಲಿಲ್ಲವಲ್ಲಪ್ಪ’ ಅಂದರು ಸಾಹೇಬರು. ಗದರಿಸಿ ಅಲ್ಲ, ಮಗುವಿಗೆ ಲೆಕ್ಕ ಬಿಡಿಸಿ ಹೇಳುವ ಹಾಗೆ.

ಅವನು ಅಷ್ಟಕ್ಕೆ ಬಿಡಲಿಲ್ಲ. ‘ನೀರಿಂದೂ ಕೇಳ್ರಿ. ನಾ ಮುಟ್ಟಿದಾಗ ಅಷ್ಟಾ ಹಾಕಿದ್ರು. ಉಳದವ್ರು ಮುಟ್ಟಿದ್ರ ಧೂಳು ಹತ್ತತಿದ್ದಿಲ್ಲೇನು?’

ಸಾಹೇಬರು ನನ್ನ ಅರ್ಜಿಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿ, ಅದರ ಮೇಲೆ ಬೆರಳು ಬಡಿದರು. ‘ಇದರಲ್ಲಿ ಹಾಗೆಂದು ಬರೆದಿಲ್ಲ.’

ಅವನು ನನ್ನ ಮುಖ ನೋಡಿದ. ನಾನು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಬಿಸ್ಕೀಟು ಕೈಯಲ್ಲೇ ಇತ್ತು.

ಯಾರ ಮನಸ್ಸಿನಲ್ಲೂ ಕೆಟ್ಟದ್ದು ಕಂಡುಬರುವುದಿಲ್ಲವೆಂದು ತೀರ್ಮಾನವಾಯಿತು. ಇಬ್ಬರೂ ಕ್ಯಾಪ್ಟನ್‌ಗಳು ಶೇಕ್‌ಹ್ಯಾಂಡ್ ಮಾಡಿದರು. ಊರೂರ ನಡುವೆ ಸ್ನೇಹ ಉಳಿಯಬೇಕು, ಅದಕ್ಕಾಗಿ ನಮ್ಮ ಶಾಲೆ ಬೇರೊಬ್ಬ ಗೋಲ್‌ಕೀಪರನನ್ನು ನೋಡಿಕೊಳ್ಳುವುದು ಒಳ್ಳೆಯದು ಎಂದು ಸಾಹೇಬರು ಸಲಹೆ ಕೊಟ್ಟರು. ಅಪ್ಪ ‘ಆಗ್ಲಿ, ಸಾಹೇಬ್ರ’ ಅಂದರು. ಮುಂದಿನ ರಜೆಗೆ ನಾನು ಬಂದಾಗ ಅವನು ಶಾಲೆ ಬಿಟ್ಟು, ಚಿಕ್ಕಪ್ಪನ ಜೊತೆ ಸೊಲ್ಲಾಪುರದ ಗಿರಣಿಗೆ ಹೋಗಿದ್ದ.

ಆಮೇಲೆ ನನ್ನ ಮದುವೆಯಾಯಿತು, ಕರಜಗಿಯ ಕಡೆ. ಯುದ್ಧ ಮುಗಿದ ವರ್ಷವಿರಬೇಕು, ಸೊಲ್ಲಾಪುರದ ಡಾಕ್ಟರಿಗೆ ತೋರಿಸಲು ಅತ್ತೆ, ಮಾವನ ಜೊತೆ ಹೊರಟು, ಆಚೆ ಕಡೆ ರೈಲು ಹಿಡಿಯಲೆಂದು ಮಣ್ಣೂರಿನ ಹತ್ತಿರ ಭೀಮಾ ದಾಟುತ್ತಿದ್ದೆವು. ನಾವು ದೋಣಿಯಲ್ಲಿ ಕೂತಾಗಿತ್ತು. ದಂಡೆಯ ಮೇಲೆ ಪ್ಯಾಂಟು, ಬೂಟು ಹಾಕಿದವನೊಬ್ಬ ತಗಡಿನ ಟ್ರಂಕು ಹಿಡಿದು ಬಂದು ನಿಂತ. ಮೊದಲು ಗುರುತು ಹಿಡಿದವನು ಅವನೇ.

‘ಆರಾಮದೀರಿ, ಅಕ್ಕಾರ?’

‘ಆರಾಮ. ನೀವು ಈಗೂ ಆಡ್ತೀರೇನು?’

‘ಗಿರಣಿ ಟೀಮಿನ್ಯಾಗ ಆಡ್ತೇನ್ರಿ. ಗೋಲಿನಾಗ ಅಲ್ಲ, ಮುಂದ’ ಅಂದು ನಕ್ಕ. ಆ ಬೆರಳು ನೆಟ್ಟಗಾಗಿರಲಿಲ್ಲ.

ಅವನು ದೋಣಿಗೆ ಕಾಲಿಡುವಷ್ಟರಲ್ಲಿ, ಅವನ ಗುರುತಿದ್ದ ಅಂಬಿಗ ಅಡ್ಡ ಬಂದ. ‘ಏ, ನಿಂದ್ರಲೇ. ಇವ್ರನ್ನ ದಾಟಿಸಿ ಬರ್ತೇನಿ, ಆಮ್ಯಾಲ ನೀ.’ ದೋಣಿ ಅರ್ಧ ಖಾಲಿ ಇತ್ತು. ಮಾವ ನದಿ ನೋಡುತ್ತಿದ್ದರು.

ನಾನು ‘ಜಾಗ ಅದ, ಅವ್ರೂ...’ ಎಂದು ಶುರುಮಾಡಿದೆ.

‘ಬ್ಯಾಡ್ರಿ ಅಕ್ಕಾರ’ ಅಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. ‘ನನ್ನ ಸಲುವಾಗಿ ನೀವು ಏನೂ ಹೇಳಬ್ಯಾಡ್ರಿ.’ ಆಮೇಲೆ ಅಂಬಿಗನಿಗೆ, ‘ಯಾಕ ನಿಂದ್ರಬೇಕು ಅನ್ನೋದು ಬಾಯಿಬಿಟ್ಟು ಹೇಳು, ಕಾಕಾ. ನಿಂದ್ರತೇನಿ. ಹೇಳು’ ಅಂದ.

ಅಂಬಿಗ ತಲೆ ತಗ್ಗಿಸಿ ಗಳ ಊರಿ ದೋಣಿ ತಳ್ಳಿದ. ದಂಡೆಯ ಮೇಲೆ ಅವನು ನಿಂತೇ ಇದ್ದ, ಟ್ರಂಕಿನ ಮೇಲೆ ಕೂರಲಿಲ್ಲ. ನಡುನೀರಿಗೆ ಬಂದ ಮೇಲೂ ಅವನ ಕಣ್ಣು ಅಂಬಿಗನ ಮೇಲಿತ್ತು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನಾನು ಅವನನ್ನು ಕಂಡದ್ದು ಅದೇ ಕೊನೆ.