ಅಕ್ಕ ಕೇಳಿದ ಪರದೇಶದ ಪ್ಲೇಟು

ಆಗ ಕೊಟ್ಟೂರಿನ ನಮ್ಮ ಓಣಿಯಲ್ಲಿ ಹಾಡು ಬೇಕೆಂದರೆ ಖಾಸಿಂ ಚಾಚಾನ ಮೈಕ್‌ಸೆಟ್ ಅಂಗಡಿಯೇ ಗತಿ. ಅದಕ್ಕಂಟಿಕೊಂಡು ಅಪ್ಪನ ಮಂಡಕ್ಕಿ ಮಿರ್ಚಿ ಅಂಗಡಿ. ಇಂದಿಗೂ ಹಳೆಯ ಸಿನಿಮಾ ಹಾಡು ಕಿವಿಗೆ ಬಿದ್ದರೆ ನನಗೆ ಕಾದ ಎಣ್ಣೆಯ ವಾಸನೆ ಬರುತ್ತದೆ.

ಚಾಚಾ ಒಮ್ಮೆ ಹುಬ್ಬಳ್ಳಿಯಿಂದ ಹಳೆಯ ಗ್ರಾಮಫೋನ್ ಪ್ಲೇಟುಗಳ ಕಟ್ಟು ತಂದ. ಅದರಲ್ಲೊಂದು ಪರದೇಶದ್ದು ಸೇರಿಕೊಂಡು ಬಂದಿತ್ತು. ಹಾಡುವವರಿಲ್ಲ, ತಬಲಾ ಇಲ್ಲ. ಬರೀ ತಂತಿ ಮೀಟಿದಂಥ ಸದ್ದು, ಹಿತ್ತಾಳೆ ತಟ್ಟೆಗೆ ಸಾಸಿವೆ ಸುರಿದ ಹಾಗೆ. ಶುರುವಾಯಿತು ಅನ್ನುವಷ್ಟರಲ್ಲಿ ಮುಗಿದೇ ಹೋಗುತ್ತಿತ್ತು. ಮದುವೆಗಳಿಗೆ ಅದು ಯಾರಿಗೂ ಬೇಡ. ಹೊಸ ಮುಳ್ಳು ಹಾಕಿದಾಗ ಪರೀಕ್ಷೆಗೆಂದು ಚಾಚಾ ಅದನ್ನೇ ಹಚ್ಚುತ್ತಿದ್ದ.

ನನ್ನ ಅಕ್ಕ ಶಾಂತಾಳಿಗೆ ಚಿಕ್ಕಂದಿನಿಂದ ಕಿವಿ ಸೋರುತ್ತಿತ್ತು. ಆರನೇ ಕ್ಲಾಸಿಗೆ ಬರುವ ಹೊತ್ತಿಗೆ ಪಕ್ಕದಲ್ಲಿ ನಿಂತು ಕರೆದರೂ ತಿರುಗುತ್ತಿರಲಿಲ್ಲ. ಪಾಠ ತಲೆಗೆ ಹೋಗುವುದಿಲ್ಲವೆಂದು ಮೇಷ್ಟ್ರು ಹೇಳಿ ಕಳಿಸಿದರು. ಅಪ್ಪ ಶಾಲೆ ಬಿಡಿಸಿ ಮೆಣಸಿನಕಾಯಿ ಸೀಳಲು ಕೂರಿಸಿದ. ಅಕ್ಕ ಅಳಲಿಲ್ಲ, ಮಾತು ಬಿಟ್ಟಳು.

ಒಂದು ಮಧ್ಯಾಹ್ನ ಚಾಚಾನಿಗೆ ಮಂಡಕ್ಕಿ ಕೊಡಲು ನಾವಿಬ್ಬರೂ ಹೋದಾಗ ಅದೇ ಪ್ಲೇಟು ತಿರುಗುತ್ತಿತ್ತು. ದಣಿದಿದ್ದ ಅಕ್ಕ ಪ್ಲೇಟು ತಿರುಗುತ್ತಿದ್ದ ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಗಲ್ಲ ಊರಿದವಳೇ ಬೆಚ್ಚಿದಳು. ಮತ್ತೆ ಊರಿದಳು. ಕಣ್ಣು ಮುಚ್ಚಿಕೊಂಡಳು, ಬೆರಳು ತಾಳ ಹಿಡಿಯಿತು. ನಾನು ಓಡಿಹೋಗಿ ಅಪ್ಪನನ್ನು ಕರೆತಂದೆ.

ಅಪ್ಪ ನಂಬಲಿಲ್ಲ. ಚಾಚಾನಿಂದ ಪ್ಲೇಟನ್ನು ಮೊದಲಿನಿಂದ ಹಚ್ಚಿಸಿ, ನಡುವೆ ಮೆಲ್ಲಗೆ ಮುಳ್ಳು ಎತ್ತಿದ. ಬೆರಳು ನಿಂತಿತು. ಇಳಿಸಿದ. ಬೆರಳು ಓಡಿತು.

ಅಕ್ಕ ಕಣ್ಣು ತೆರೆದಳು. "ಅಪ್ಪಾ, ಇದರಾಗ ಯಾರೋ ಓಡ್ಯಾಡಾಕ ಹತ್ಯಾರ."

ಅಪ್ಪ ಹಿಟ್ಟು ಮೆತ್ತಿದ ಕೈಯಲ್ಲೇ ಮುಖ ಒರೆಸಿಕೊಂಡ. ಅವಳಿಗೆ ಕೇಳದೆಂದು ಗೊತ್ತಿದ್ದೂ ಅವಳಿಗೇ ಹೇಳಿದ: "ನಾಳೆ ದಾವಣಗೆರಿಗೆ ಹೋಗೂಣು, ನಮ್ಮವ್ವ."

ಕಿವಿಯ ಪರದೆ ತೂತಾಗಿದೆ, ಒಳಗಿನ ನರಕ್ಕೆ ಏನೂ ಆಗಿಲ್ಲ, ಪೆಟ್ಟಿಗೆಯ ಸದ್ದು ಗಲ್ಲದ ಎಲುಬಿನಿಂದಲೇ ಒಳಗೆ ಮುಟ್ಟಿದೆ ಎಂದರಂತೆ ಅಲ್ಲಿನ ಡಾಕ್ಟರು. ಆಪರೇಷನ್ ಆಗಿ ಒಂದು ಕಿವಿ ಸರಿಹೋಯಿತು. ಮುಂದಿನ ಜೂನ್‌ನಲ್ಲಿ ಅಕ್ಕ ನನ್ನ ಜೊತೆ ಮತ್ತೆ ಶಾಲೆಗೆ ನಡೆದಳು.

ಆ ಪ್ಲೇಟಿನ ತಂತಿವಾದ್ಯಕ್ಕೆ ಹಾರ್ಪ್ಸಿಕಾರ್ಡ್ ಅನ್ನುತ್ತಾರೆಂದು ನನಗೆ ತಿಳಿದದ್ದು ಮೊನ್ನೆ ಮೊನ್ನೆ. ಅಪ್ಪನೂ ಇಲ್ಲ, ಚಾಚಾನೂ ಇಲ್ಲ. ಅದೇ ತುಣುಕು ಮೊಬೈಲಿನಲ್ಲಿ ಸಿಕ್ಕಿದ್ದೇ ತಡ, ಟೀಚರಾಗಿ ನಿವೃತ್ತಳಾಗಿ ಹರಪನಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋದೆ. ಅಕ್ಕ ಕೊನೆಯವರೆಗೂ ಕೇಳಿದಳು.

"ಚಲೋ ಐತಿ. ಆದ್ರ ಇದು ಅದಲ್ಲ ಬಿಡು."

ಅದೇ ಎಂದು ನಾನು ವಾದಿಸಲಿಲ್ಲ. ಅವತ್ತು ನಾವೆಲ್ಲ ಆ ಸದ್ದಿನ ಹೊರಗೆ ನಿಂತು ಕೇಳಿದ್ದೆವು. ಒಳಗೆ ಹೋಗಿ ಬಂದವಳು ಅವಳೊಬ್ಬಳೇ. ಕಿವಿ ಬಂದ ಮೇಲೆ ಅವಳೂ ನಮ್ಮ ಜೊತೆ ಹೊರಗೇ ಉಳಿದಳು.